ಸಿಂಹಾಸನ ಕೇಳಿದವನ ಯುದ್ಧ

(ತುಮಕೂರಿನ ಸದಾಶಿವನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯನ್ನಿಟ್ಟ ಮನೆಯವರು ವಿಷಯವನ್ನು ನನಗೇ ಬಿಟ್ಟರು. ಒಂದು ಮಾತು ಮಾತ್ರ ಹೇಳಿದರು: ಸದಾಶಿವನಗರದಲ್ಲಿ ಮನೆ ಕಟ್ಟಿಕೊಂಡಿದ್ದರೂ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯ ನಂಟು ಬಿಡದವರು ಸಭೆಗೆ ಬರುತ್ತಾರೆ, ಅವರಿಗೆ ಗೊತ್ತಿರುವ ಕಥೆಯಿಂದಲೇ ಶುರು ಮಾಡಿ. ಹಾಗೆ ಎಲ್ಲರಿಗೂ ಗೊತ್ತಿರುವ ಕಥೆ ಎಂದರೆ ಕುರುಕ್ಷೇತ್ರ. ಸಿಂಹಾಸನ ತನ್ನದು ಎಂದು ಕೇಳಿದ ಒಬ್ಬ ಮನುಷ್ಯ ಅದಕ್ಕಾಗಿ ಯುದ್ಧವನ್ನು ಹೇಗೆ ಕಟ್ಟಿದ, ಎಲ್ಲಿ ಸರಿಯಾಗಿ ಲೆಕ್ಕ ಹಾಕಿದ, ಎಲ್ಲಿ ತಪ್ಪಿದ ಎಂಬುದು ಇವತ್ತಿನ ಮಾತು. ಆ ಮನುಷ್ಯ ಧರ್ಮರಾಯ.

ನಮ್ಮೂರು ಗುಬ್ಬಿ ತಾಲ್ಲೂಕಿನದು. ಸುಗ್ಗಿ ಮುಗಿದ ಮೇಲೆ ದೇವಸ್ಥಾನದ ಮುಂದೆ ಸೀನರಿ ಕಟ್ಟುತ್ತಿದ್ದರು. ರಾತ್ರಿ ಊಟವಾದ ಮೇಲೆ ಶುರುವಾದ ಕುರುಕ್ಷೇತ್ರ ಕೋಳಿ ಕೂಗುವವರೆಗೆ ನಡೆಯುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಮಟ್ಟು ಕಲಿಸುತ್ತಿದ್ದರು. ಒಂದೊಂದು ಪಾರ್ಟಿಗೂ ಇಷ್ಟಿಷ್ಟು ಎಂದು ದುಡ್ಡು ಕಟ್ಟಬೇಕು. ದುರ್ಯೋಧನನ ಪಾರ್ಟಿಗೆ ಎಲ್ಲಕ್ಕಿಂತ ಹೆಚ್ಚು. ಆಮೇಲೆ ಕೃಷ್ಣ, ಭೀಮ, ಕರ್ಣ. ಧರ್ಮರಾಯನ ಪಾರ್ಟನ್ನು ಕೇಳುವವರೂ ಕಡಿಮೆ, ಅದಕ್ಕೆ ದುಡ್ಡೂ ಕಡಿಮೆ. ನಮ್ಮಪ್ಪ ಕಟ್ಟಿದ್ದು ಅದಕ್ಕೇ. ಭೀಮ ತೊಡೆ ತಟ್ಟುವಾಗ, ಅರ್ಜುನ ಬಿಲ್ಲು ಹೆದೆಯೇರಿಸುವಾಗ, ದುರ್ಯೋಧನ ಒನ್ಸ್ ಮೋರ್ ತಗೊಂಡು ಅದೇ ಪದವನ್ನು ಮತ್ತೆ ಹಾಡುವಾಗ ಅಪ್ಪ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ‘ಸಿಂಹಾಸನ ನಿಂದು ತಾನೆ, ನೀನ್ಯಾಕಪ್ಪ ಸುಮ್ನೆ ನಿಂತಿರ್ತೀಯ?’ ಎಂದು ಒಂದು ಸಲ ಕೇಳಿದ್ದೆ. ಬಣ್ಣ ಒರೆಸಿಕೊಳ್ಳುತ್ತಾ ಅಪ್ಪ, ‘ಇಷ್ಟು ಜನಾನ ಕರ್ಕೊಂಬಂದು ನಿಲ್ಲಿಸ್ದೋನು ಯಾರು ಅಂತ ಯೋಚ್ನೆ ಮಾಡ್ಲಾ’ ಅಂದರು. ಆಗ ಅರ್ಥವಾಗಲಿಲ್ಲ. ಇವತ್ತಿನ ಉಪನ್ಯಾಸ ಆ ಮಾತಿನ ವಿಸ್ತರಣೆ, ಅಷ್ಟೇ.

ಧರ್ಮರಾಯನನ್ನು ಪಕ್ಕಕ್ಕೆ ನಿಲ್ಲಿಸಿದ್ದು ನಮ್ಮ ಹಳ್ಳಿಯ ರಂಗ ಮಾತ್ರ ಅಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕಾಲದಲ್ಲಿ, 1934ರಲ್ಲಿ, ಕುರುಕ್ಷೇತ್ರವನ್ನು ಆಡಿದಾಗ ಆನೆ ಕುದುರೆಗಳೇ ರಂಗಕ್ಕೆ ಬಂದವು. ಯುದ್ಧವೆಂದರೆ ಆನೆ, ರಥ, ಗದೆ ಎಂಬ ಚಿತ್ರ ನಮ್ಮ ಜನರ ಕಣ್ಣಲ್ಲಿ ಕೂತದ್ದು ಇಂಥ ಆಟಗಳಿಂದ. ಅದಕ್ಕೂ ಸಾವಿರ ವರ್ಷ ಹಿಂದಕ್ಕೆ ಹೋಗಿ. ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದ. ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ. ಕಾವ್ಯದ ಕೊನೆಗೆ ಪಟ್ಟ ಕಟ್ಟಿದ್ದು ಅರ್ಜುನನಿಗೆ. ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ಗದಾಯುದ್ಧದ ಕೊನೆಗೆ ಪಟ್ಟ ಭೀಮನಿಗೆ. ಕನ್ನಡದ ಇಬ್ಬರು ಮಹಾಕವಿಗಳು ಧರ್ಮರಾಯನ ತಲೆಯಿಂದ ಕಿರೀಟ ತೆಗೆದು ತಮ್ಮಂದಿರ ತಲೆಗೆ ಇಟ್ಟರು. ಅದನ್ನು ಅವನಿಗೇ ಮರಳಿಸಿ ಕಥೆ ಮುಗಿಸಿದವನು ಗದುಗಿನ ಕುಮಾರವ್ಯಾಸ. ಈ ವಿಷಯದಲ್ಲಿ ನಾನು ಕುಮಾರವ್ಯಾಸನ ಕಡೆಯವನು. ಆದರೆ ಮುಂದೆ ಹೇಳುವ ಲೆಕ್ಕ, ಘಟನೆಗಳನ್ನು ವ್ಯಾಸಭಾರತದಿಂದಲೇ ತೆಗೆದುಕೊಂಡಿದ್ದೇನೆ.

ಸಿಂಹಾಸನದಲ್ಲಿ ಕೂತವನ ಯುದ್ಧ ಬೇರೆ, ಸಿಂಹಾಸನ ಕೇಳುವವನ ಯುದ್ಧ ಬೇರೆ. ಕೂತವನಿಗೆ ಬೊಕ್ಕಸವಿದೆ, ಕೋಟೆಯಿದೆ, ಅನ್ನದ ಋಣಕ್ಕೆ ಬಿದ್ದ ಸೇನಾಪತಿಗಳಿದ್ದಾರೆ. ಕೇಳುವವನಿಗೆ ಇರುವುದು ಹಕ್ಕಿನ ಮಾತೊಂದೇ. ಆ ಮಾತನ್ನು ನಾಲ್ಕು ಜನ ನಂಬಿ ಜೊತೆಗೆ ಬಂದರೆ ಅವನಿಗೊಂದು ದಂಡು. ನಮ್ಮ ರಾಜ್ಯದ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆ ಇದೆ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಿರುಕುಳಕ್ಕೆ ಕೂಟ ಕಟ್ಟಿ ಎದ್ದಾಗ, ಸಾದರಮಲ್ಲ ಎಂಬವನು ಬೂದಿ ಬಸವಪ್ಪ ಎಂಬ ಹೆಸರಿನಲ್ಲಿ ಮುಂದೆ ಬಂದು ಕೆಳದಿ ಅರಸರ ವಾರಸುದಾರ ತಾನೇ ಅಂದ. ನಗರದ ಹಳೆಯ ಅರಸರ ಮುದ್ರೆಗಳು ಅವನ ಕೈಸೇರಿದ್ದವು ಎಂದು ಹೇಳುತ್ತಾರೆ. ತರೀಕೆರೆಯ ಪಾಳೇಗಾರ ರಂಗಪ್ಪ ನಾಯಕ ಜೊತೆಗೂಡಿದ. ಮುದ್ರೆ ಇತ್ತು, ಸಿಟ್ಟಿಗೆದ್ದ ಜನ ಇದ್ದರು. ಉಳಿದು ನಿಲ್ಲುವ ಸೇನೆ ಇರಲಿಲ್ಲ. ಅವನಿಗೆ ಪಟ್ಟ ಸಿಗಲಿಲ್ಲ. ಆ ದಂಗೆಯನ್ನೇ ಮುಂದಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಒಡೆಯರ ಕೈಯಿಂದ ಕಿತ್ತುಕೊಂಡರು. ಅದು ಮರಳಿದ್ದು 50 ವರ್ಷದ ಮೇಲೆ, 1881ರಲ್ಲಿ. ಬರೀ ಹಕ್ಕಿನ ಮಾತಿನಿಂದ ಯುದ್ಧ ನಡೆಯುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ಧರ್ಮರಾಯನ ಹತ್ತಿರ ಏನಿತ್ತು ನೋಡೋಣ. ಹನ್ನೆರಡು ವರ್ಷ ಕಾಡು, ಒಂದು ವರ್ಷ ವಿರಾಟನ ಮನೆಯಲ್ಲಿ ಮರೆವಾಸ. ಹೊರಬಂದಾಗ ಊರಿಲ್ಲ, ಬೊಕ್ಕಸವಿಲ್ಲ. ಇಳಿದುಕೊಂಡದ್ದು ಮತ್ಸ್ಯದೇಶದ ಉಪಪ್ಲವ್ಯದಲ್ಲಿ. ಅಲ್ಲಿ ಸೇರಿದ ಸಭೆಯಲ್ಲಿ ದ್ರುಪದ ಒಂದು ಸೂಕ್ಷ್ಮ ಹೇಳಿದ. ದೊಡ್ಡವರು ಮೊದಲು ಬಂದು ಕೇಳಿದವರಿಗೆ ಮಾತು ಕೊಟ್ಟುಬಿಡುತ್ತಾರೆ, ಆದ್ದರಿಂದ ದುರ್ಯೋಧನನ ದೂತರಿಗಿಂತ ಮುಂಚೆ ನಮ್ಮ ದೂತರು ಹೊರಡಲಿ ಎಂದ. ಹಸ್ತಿನಾವತಿಗೆ ಸಂಧಿಯ ಮಾತು ಹೋದದ್ದೂ ದೇಶದೇಶಗಳಿಗೆ ಸೇನೆಯ ಕರೆ ಹೋದದ್ದೂ ಒಂದೇ ಕಾಲದಲ್ಲಿ. ಸಂಧಿ ಮುರಿದ ಮೇಲೆ ಜನ ಸೇರಿಸೋಣ ಎಂದು ಕೂತಿದ್ದರೆ ಏಳು ಅಕ್ಷೋಹಿಣಿ ಸೇರುತ್ತಿರಲಿಲ್ಲ.

ಆ ಏಳನ್ನು ಯಾರು ತಂದರು? ಪಾಂಚಾಲ, ಮತ್ಸ್ಯ ಬೀಗರ ಮನೆಗಳು, ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಾತ್ಯಕಿ ಬಂದ, ಪಾಂಡ್ಯ ಬಂದ. ನನಗೆ ಆಶ್ಚರ್ಯ ತರುವವರು ಇಬ್ಬರು. ಚೇದಿಯ ಧೃಷ್ಟಕೇತು, ಶಿಶುಪಾಲನ ಮಗ. ಮಗಧದ ಜಯತ್ಸೇನ, ಜರಾಸಂಧನ ಮಗ. ಶಿಶುಪಾಲನನ್ನು ಕೊಂದದ್ದು ಕೃಷ್ಣ, ಅದೂ ಧರ್ಮರಾಯನ ರಾಜಸೂಯದ ಸಭೆಯಲ್ಲೇ. ಜರಾಸಂಧನನ್ನು ಸೀಳಿದ್ದು ಭೀಮ, ಅದೇ ರಾಜಸೂಯಕ್ಕಾಗಿ. ತಂದೆಯನ್ನು ಕೊಂದವರ ಕಡೆ ಮಕ್ಕಳು ಒಂದೊಂದು ಅಕ್ಷೋಹಿಣಿ ತಂದು ನಿಲ್ಲಿಸಿದರು. ಹೇಗೆ? ಕೊಂದ ಮೇಲೆ ಆ ರಾಜ್ಯಗಳನ್ನು ನುಂಗಲಿಲ್ಲ. ಆಯಾ ಮನೆಯ ಮಗನನ್ನೇ ಪಟ್ಟಕ್ಕೆ ಕೂರಿಸಿದರು. ಗೆದ್ದ ದಿನ ತೋರಿದ ಆ ಸಂಯಮ ಹದಿನಾಲ್ಕು ವರ್ಷದ ಮೇಲೆ ಎರಡು ಅಕ್ಷೋಹಿಣಿಯಾಗಿ ಬಂತು. ನಾಟಕದಲ್ಲಿ ಈ ಇಬ್ಬರಿಗೆ ಪಾರ್ಟೇ ಇಲ್ಲ.

ಅಕ್ಷೋಹಿಣಿಯ ಲೆಕ್ಕ ಹೇಳಿಬಿಡುತ್ತೇನೆ. ಒಂದಕ್ಕೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಎಲ್ಲ ಸೇರಿದರೆ 2,18,700. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ಕಂಡವರು ಇಲ್ಲಿದ್ದೀರಿ. ಒಂದು ಕುದುರೆಗೆ ಹುಲ್ಲು, ಹುರುಳಿ, ನೀರು ಎಷ್ಟು ಬೇಕೆಂದು ನಿಮಗೆ ಗೊತ್ತು. 65,610 ಎಂಬುದು ಕವಿಯ ಲೆಕ್ಕವೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಪಾಂಡವರ ಏಳಕ್ಕೆ ಕೌರವರ ಹನ್ನೊಂದು ಎಂಬ ಪ್ರಮಾಣವನ್ನು ಕವಿ ಬೇಕೆಂದೇ ಇಟ್ಟಿದ್ದಾನೆ. ಕೇಳುವವನ ದಂಡು ಚಿಕ್ಕದು.

ಚಿಕ್ಕ ದಂಡನ್ನು ಹೇಗೆ ನಿಲ್ಲಿಸಬೇಕು ಎಂದು ಮೊದಲ ದಿನವೇ ಅರ್ಜುನನಿಗೆ ಹೇಳಿದವನು ಧರ್ಮರಾಯ. ನಮ್ಮವರು ಕಡಿಮೆ, ಹರಡಿಕೊಂಡು ನಿಂತರೆ ಕೆಟ್ಟೆವು, ಒತ್ತಾಗಿ ಸೂಜಿಮೊನೆಯ ಹಾಗೆ ನಿಲ್ಲಬೇಕು ಎಂಬುದು ಅವನ ಸೂಚನೆ. ಅರ್ಜುನ ವಜ್ರವ್ಯೂಹ ಕಟ್ಟಿದ. ಇನ್ನೊಂದು ಮಾತು. ಪಾಂಡವರಿಗೆ ಹದಿನೆಂಟು ದಿನವೂ ಒಬ್ಬನೇ ಸೇನಾಪತಿ, ಧೃಷ್ಟದ್ಯುಮ್ನ. ಕೌರವರಿಗೆ ಭೀಷ್ಮ ಹತ್ತು ದಿನ, ದ್ರೋಣ ಐದು, ಕರ್ಣ ಎರಡು, ಶಲ್ಯ ಅರ್ಧ ದಿನ. ಭೀಷ್ಮ ತನ್ನನ್ನು ಅರ್ಧರಥ ಅಂದ ಸಿಟ್ಟಿಗೆ ಕರ್ಣ ಹತ್ತು ದಿನ ಕಣಕ್ಕೇ ಇಳಿಯಲಿಲ್ಲ. ಹನ್ನೊಂದು ಅಕ್ಷೋಹಿಣಿಯ ಹೆಚ್ಚುಗಾರಿಕೆ ಅರ್ಧ ಕರಗಿದ್ದು ಇಂಥ ಒಳಜಗಳದಲ್ಲಿ.

ಸಂಧಿಯ ಮಾತಿಗೆ ಬರುತ್ತೇನೆ. ಐದು ಊರು ಕೊಟ್ಟರೂ ಸಾಕು ಎಂದು ಧರ್ಮರಾಯ ಸಂಜಯನ ಕೈಲಿ ಹೇಳಿಕಳಿಸಿದ್ದನ್ನು ನಮ್ಮ ರಂಗದಲ್ಲಿ ದೈನ್ಯವಾಗಿ ತೋರಿಸುತ್ತಾರೆ, ಹಾರ್ಮೋನಿಯಂ ಕೂಡ ಅಳುತ್ತದೆ. ಊರುಗಳ ಹೆಸರು ನೋಡಿ: ಅವಿಸ್ಥಲ, ವೃಕಸ್ಥಲ, ಮಾಕಂದಿ, ವಾರಣಾವತ, ಐದನೆಯದು ಅವರಿಗೆ ತೋಚಿದ್ದು. ವಾರಣಾವತ ಎಂದರೆ ಅರಗಿನ ಮನೆಗೆ ಬೆಂಕಿಯಿಟ್ಟ ಊರು. ಅದನ್ನು ಹೆಸರು ಹಿಡಿದು ಕೇಳಿದ ಮೇಲೆ ತುಂಬಿದ ಸಭೆಯಲ್ಲಿ ಆ ಹಳೆಯ ಪಾಪ ಎಲ್ಲರಿಗೂ ನೆನಪಾಗದೆ ಇರುತ್ತದೆಯೇ? ದುರ್ಯೋಧನ ಸೂಜಿಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಅಂದ. ಆ ಕ್ಷಣ ಸಭೆಯಲ್ಲಿದ್ದ ಭೀಷ್ಮ, ದ್ರೋಣ, ವಿದುರರ ಮನಸ್ಸು ಯಾವ ಕಡೆ ವಾಲಿತು ಎಂಬುದು ಕಣ್ಣಿಗೆ ಕಾಣದ ಗೆಲುವು. ಕೊಟ್ಟಿದ್ದರೆ ಧರ್ಮರಾಯ ತೆಗೆದುಕೊಳ್ಳುತ್ತಿದ್ದ ಎಂದೂ ನಾನು ನಂಬುತ್ತೇನೆ. ಅವನು ನಿಜವಾಗಿ ಕೇಳಿದ. ಅದಕ್ಕೇ ಆ ಕೇಳಿಕೆಗೆ ತೂಕ ಬಂತು.

ಎದುರಾಳಿಯ ಜನರ ಮನಸ್ಸನ್ನು ಒಬ್ಬೊಬ್ಬರಾಗಿ ಸಡಿಲಿಸುವುದು ಧರ್ಮರಾಯನ ಯುದ್ಧದ ತಿರುಳು. ಮದ್ರದ ಶಲ್ಯ ನಕುಲ ಸಹದೇವರ ಸೋದರಮಾವ. ಪಾಂಡವರ ಕಡೆಗೇ ಹೊರಟಿದ್ದ. ದುರ್ಯೋಧನ ದಾರಿಯುದ್ದಕ್ಕೂ ಬಿಡದಿ ಕಟ್ಟಿಸಿ, ಉಪಚರಿಸಿ, ಮಾತಿಗೆ ಸಿಕ್ಕಿಸಿ ತನ್ನವನನ್ನಾಗಿ ಮಾಡಿಕೊಂಡ. ಶಲ್ಯ ಬಂದು ಹೇಳಿಕೊಂಡಾಗ ಧರ್ಮರಾಯ ಸಿಡುಕಲಿಲ್ಲ. ಕೊಟ್ಟ ಮಾತು ನಡೆಸು ಮಾವ ಅಂದ. ಮುಂದೆ ನೀನು ಕರ್ಣನ ಸಾರಥಿಯಾಗುವ ದಿನ ಬರುತ್ತದೆ, ಆಗ ಅವನ ಹುರುಪು ಕುಗ್ಗಿಸುವ ಮಾತಾಡು ಎಂದು ಕೇಳಿಕೊಂಡ. ಇದು ಮಾಡಬಾರದ ಕೆಲಸ, ಆದರೂ ನನಗಾಗಿ ಮಾಡು ಎಂದು ಬಾಯಿಬಿಟ್ಟು ಹೇಳಿದ. ಕೈತಪ್ಪಿದ ಬಂಟನನ್ನು ಎದುರಾಳಿಯ ರಥದ ಮೂಕಿಯಲ್ಲಿ ಕೂರಿಸಿದ ಈ ಯೋಚನೆ ಹದಿನೇಳನೆಯ ದಿನ ಫಲ ಕೊಟ್ಟಿತು.

ಮೊದಲ ದಿನ ಬೆಳಿಗ್ಗೆ ಆದದ್ದು ನನಗೆ ಇಡೀ ಭಾರತದಲ್ಲಿ ಬಹಳ ಇಷ್ಟವಾದ ಸನ್ನಿವೇಶ. ಎರಡೂ ಕಡೆ ಶಂಖ ಊದಿಯಾಗಿದೆ. ಧರ್ಮರಾಯ ಕವಚ ಕಳಚಿ, ಆಯುಧ ಕೆಳಗಿಟ್ಟು, ರಥದಿಂದಿಳಿದು, ಕೈಮುಗಿದು ಶತ್ರುಸೇನೆಯ ಕಡೆ ನಡೆಯುತ್ತಾನೆ. ತಮ್ಮಂದಿರು ಗಾಬರಿ. ಹೆದರಿದ ಎಂದು ಕೌರವರ ಸೈನಿಕರಿಗೆ ಸಂಭ್ರಮ. ಅವನು ನೇರ ಭೀಷ್ಮನ ಪಾದ ಹಿಡಿದು ಯುದ್ಧಕ್ಕೆ ಅಪ್ಪಣೆ ಕೇಳುತ್ತಾನೆ. ಆಮೇಲೆ ದ್ರೋಣ, ಕೃಪ, ಶಲ್ಯ. ಕೌರವರ ಅನ್ನಕ್ಕೆ ಕಟ್ಟುಬಿದ್ದಿದ್ದೇವೆ, ನಿನ್ನ ಪರ ಕಾದುವುದೊಂದು ಬಿಟ್ಟು ಬೇರೇನಾದರೂ ಕೇಳು ಎನ್ನುತ್ತಾರೆ. ಅವನು ಕೇಳಿದ್ದು ನಿಮ್ಮನ್ನು ಗೆಲ್ಲುವ ದಾರಿ ಯಾವುದು ಎಂದು. ಇನ್ನೊಮ್ಮೆ ಬಾ ಎಂದ ಭೀಷ್ಮ. ಒಂಬತ್ತನೆಯ ರಾತ್ರಿ ಹೋದಾಗ ಶಿಖಂಡಿಯ ಹೆಸರು ಹೇಳಿದ. ನಂಬಬಹುದಾದವನ ಬಾಯಿಂದ ತೀರಾ ಅಪ್ರಿಯ ಸುದ್ದಿ ಕೇಳಿದರೆ ಆಯುಧ ಕೆಳಗಿಡುತ್ತೇನೆ ಎಂದ ದ್ರೋಣ. ಹಿಂದಿರುಗುವಾಗ ಎರಡೂ ಸೇನೆಯ ನಡುವೆ ನಿಂತು ಧರ್ಮರಾಯ ಗಟ್ಟಿಯಾಗಿ ಕರೆದ: ನಮ್ಮ ಕಡೆ ಬರುವವರು ಬನ್ನಿ. ಧೃತರಾಷ್ಟ್ರನ ಮಗನೇ ಆದ ಯುಯುತ್ಸು ಈಚೆ ಬಂದ. ಒಬ್ಬನೇ ಬಂದದ್ದು. ಆದರೆ ಮೂವತ್ತಾರು ವರ್ಷದ ಮೇಲೆ ಪಾಂಡವರು ಪರೀಕ್ಷಿತನಿಗೆ ಪಟ್ಟ ಕಟ್ಟಿ ಹಿಮಾಲಯಕ್ಕೆ ಹೊರಟಾಗ ರಾಜ್ಯವನ್ನು ನೋಡಿಕೊಳ್ಳಲು ಒಪ್ಪಿಸಿದ್ದು ಆ ಯುಯುತ್ಸುವಿಗೆ.

ನಮ್ಮ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರು. ಅದರಲ್ಲಿ ಅರಸನಿಗೆ ಮೂರು ಶಕ್ತಿ: ಉತ್ಸಾಹ, ಪ್ರಭುತ್ವ, ಮಂತ್ರ. ಉತ್ಸಾಹಕ್ಕಿಂತ ಬೊಕ್ಕಸ ದಂಡಿನ ಬಲ ಮೇಲು, ಅದಕ್ಕಿಂತ ಆಲೋಚನೆಯ ಬಲ ಮೇಲು ಎನ್ನುತ್ತಾನೆ ಕೌಟಿಲ್ಯ. ಭೀಮನದು ಮೊದಲನೆಯದು, ದುರ್ಯೋಧನನದು ಎರಡನೆಯದು, ಧರ್ಮರಾಯನದು ಮೂರನೆಯದು. ಕೃಷ್ಣ ಬೇಕೋ ಕೃಷ್ಣನ ನಾರಾಯಣೀ ಸೇನೆ ಬೇಕೋ ಎಂದಾಗ ಅರ್ಜುನ ಆಯುಧ ಹಿಡಿಯದ ಕೃಷ್ಣನನ್ನು ಆರಿಸಿದ್ದೂ ಈ ಮೂರನೆಯ ಬಲಕ್ಕಾಗಿಯೇ.

ಇಷ್ಟು ಹೇಳಿ ಧರ್ಮರಾಯ ತಪ್ಪೇ ಮಾಡದವನು ಅಂದರೆ ಅದು ಭಕ್ತಿಯಾದೀತು. ಹನ್ನೊಂದನೆಯ ದಿನದಿಂದ ದ್ರೋಣನ ಗುರಿ ಧರ್ಮರಾಯನನ್ನು ಜೀವಂತ ಹಿಡಿಯುವುದು. ಹಿಡಿದು ಮತ್ತೆ ಜೂಜಿಗೆ ಕೂರಿಸಿದರೆ ಮತ್ತೆ ಕಾಡು, ರಾಜ್ಯ ಉಳಿಯಿತು; ದುರ್ಯೋಧನನ ಲೆಕ್ಕ ಅದು. ಸಿಂಹಾಸನ ಕೇಳುವವನೇ ಸಿಕ್ಕಿಬಿದ್ದರೆ ಕೇಳಲು ಯಾರಿದ್ದಾರೆ? ಅದಕ್ಕೇ ಕೌರವರ ಕಡೆಯ ಸಂಶಪ್ತಕರು ಅರ್ಜುನನನ್ನು ದೂರ ಎಳೆದರು, ಹದಿಮೂರನೆಯ ದಿನ ಚಕ್ರವ್ಯೂಹ ಬಂತು. ಒಳಗೆ ನುಗ್ಗಲು ಬರುತ್ತದೆ, ಹೊರಗೆ ಬರಲು ಬಾರದು ಎಂದು ಅಭಿಮನ್ಯು ಮೊದಲೇ ಹೇಳಿದ್ದ. ನಿನ್ನ ಹಿಂದೆಯೇ ನಾವಿರುತ್ತೇವೆ ಎಂದು ಕಳಿಸಿದವನು ಧರ್ಮರಾಯ. ಜಯದ್ರಥ ಬಾಗಿಲು ಕಟ್ಟಿದ. ಹದಿನಾರು ವರ್ಷದ ಮಗು ಒಳಗೆ ಒಬ್ಬಂಟಿಯಾಯಿತು. ಹಿಂದಿನವರನ್ನು ಒಬ್ಬನೇ ತಡೆದರೆ ಏನು ಗತಿ ಎಂದು ಯೋಚಿಸದೆ ಹಾಕಿದ ಯೋಜನೆ ಅದು. ನಮ್ಮಪ್ಪ ಆ ದೃಶ್ಯದಲ್ಲಿ ನಿಜವಾಗಿಯೇ ಅಳುತ್ತಿದ್ದರು. ಈ ತಪ್ಪಿಗೆ ನಾನು ಸಮಾಧಾನ ಹುಡುಕುವುದಿಲ್ಲ.

ಹದಿನೈದನೆಯ ದಿನ ದ್ರೋಣ ಕೊಟ್ಟ ಸುಳಿವನ್ನು ಬಳಸಿದರು. ಭೀಮ ಅಶ್ವತ್ಥಾಮ ಎಂಬ ಆನೆಯನ್ನು ಕೊಂದು ಕೂಗಿದ. ದ್ರೋಣ ಭೀಮನನ್ನು ನಂಬಲಿಲ್ಲ, ಧರ್ಮರಾಯನನ್ನು ಕೇಳಿದ. ಯಾಕೆ ಅವನನ್ನೇ? ಮೂರು ಲೋಕ ಕೊಟ್ಟರೂ ಅವನು ಸುಳ್ಳಾಡುವುದಿಲ್ಲ ಎಂಬ ನಂಬಿಕೆ. ಆ ನಂಬಿಕೆಯೇ ಧರ್ಮರಾಯನ ಬಳಿ ಇದ್ದ ದೊಡ್ಡ ಅಸ್ತ್ರ, ಗಾಂಡೀವಕ್ಕಿಂತ ದೊಡ್ಡದು. ಅದನ್ನು ಒಂದೇ ಸಲ ಪ್ರಯೋಗಿಸಲು ಸಾಧ್ಯ. ಅವನು ಪ್ರಯೋಗಿಸಿದ, ‘ಆನೆ’ ಎಂಬುದನ್ನು ಮೆಲ್ಲಗೆ ಹೇಳಿದ. ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ನೆಲ ಮುಟ್ಟಿತು. ದ್ರೋಣ ಬಿದ್ದ. ಮಗ ಅಶ್ವತ್ಥಾಮ ಉಳಿದಿದ್ದ. ಅವನ ಸೇಡಿನ ಬೀಜ ಬಿದ್ದದ್ದು ಆ ಮಾತಿನಲ್ಲಿ, ಮತ್ತು ಆಮೇಲೆ ಧೃಷ್ಟದ್ಯುಮ್ನ ದ್ರೋಣನ ತಲೆ ಕತ್ತರಿಸಿದ್ದರಲ್ಲಿ.

ಹದಿನೆಂಟನೆಯ ದಿನ ಶಲ್ಯನನ್ನು ಕೊಂದವನು ಸ್ವತಃ ಧರ್ಮರಾಯ. ಅಂದೇ ಸಂಜೆ ಸರೋವರದ ದಡದಲ್ಲಿ ನಿಂತು ದುರ್ಯೋಧನನಿಗೆ, ನಮ್ಮಲ್ಲಿ ಯಾರನ್ನಾದರೂ ಆರಿಸಿಕೋ, ಬೇಕಾದ ಆಯುಧ ಹಿಡಿ, ಒಬ್ಬನನ್ನು ಗೆದ್ದರೂ ರಾಜ್ಯ ನಿನ್ನದು ಅಂದ! ಇನ್ನೊಮ್ಮೆ ಜೂಜಾಡಿದೆಯಲ್ಲ ಎಂದು ಕೃಷ್ಣ ಸಿಟ್ಟಾದದ್ದು ಸರಿ. ನಕುಲನನ್ನೋ ಸಹದೇವನನ್ನೋ ಆರಿಸಿಕೊಂಡಿದ್ದರೆ? ದುರ್ಯೋಧನ ಹಾಗೆ ಮಾಡಲಿಲ್ಲ. ಭೀಮನೇ ಎದುರು ನಿಂತ. ಆ ರಾತ್ರಿ ಪಾಂಡವರು, ಕೃಷ್ಣ, ಸಾತ್ಯಕಿ ಪಾಳೆಯದ ಹೊರಗೆ ಹೊಳೆಯ ದಡದಲ್ಲಿ ಮಲಗಿದರು. ಪಾಳೆಯದಲ್ಲಿ ಉಳಿದವರು ಯುದ್ಧ ಮುಗಿಯಿತೆಂದು ಮೈಮರೆತು ಮಲಗಿದರು. ಅಶ್ವತ್ಥಾಮ, ಕೃಪ, ಕೃತವರ್ಮ ಬಂದರು. ಧೃಷ್ಟದ್ಯುಮ್ನ, ಶಿಖಂಡಿ, ದ್ರೌಪದಿಯ ಐವರು ಮಕ್ಕಳು ಆ ರಾತ್ರಿಯೇ ಹೋದರು. ಹದಿನೆಂಟು ದಿನ ವ್ಯೂಹ ಕಟ್ಟಿದವರು ಹತ್ತೊಂಬತ್ತನೆಯ ಬೆಳಗಿನವರೆಗೆ ಬಾಗಿಲು ಕಾಯಿಸಲಿಲ್ಲ.

ಇನ್ನೊಂದು ಸಂಗತಿ ಧರ್ಮರಾಯನಿಗೆ ಗೊತ್ತೇ ಇರಲಿಲ್ಲ. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನಿಗೆ ಅವನ ಹುಟ್ಟನ್ನು ತಿಳಿಸಿದಾಗ ಕರ್ಣ ಹೇಳಿದ ಮಾತು: ಇದನ್ನು ಧರ್ಮರಾಯನಿಗೆ ಹೇಳಬೇಡ, ನಾನು ಅಣ್ಣನೆಂದು ತಿಳಿದರೆ ಅವನು ರಾಜ್ಯವನ್ನು ತೆಗೆದುಕೊಳ್ಳುವುದಿಲ್ಲ. ಯಾವ ಹಕ್ಕಿನ ಮೇಲೆ ಏಳು ಅಕ್ಷೋಹಿಣಿ ನಿಂತಿತ್ತೋ ಆ ಹಕ್ಕನ್ನು ಬೀಳಿಸುವ ಗುಟ್ಟು ಎದುರಾಳಿಯ ಕೈಯಲ್ಲಿತ್ತು. ಅವನು ಅದನ್ನು ಬಳಸಲಿಲ್ಲ. ಪಂಪ ಕರ್ಣನನ್ನು ಯಾಕೆ ಅಷ್ಟು ಮೆಚ್ಚಿದ ಎಂದು ಕೇಳುವವರಿಗೆ ಇದೊಂದೇ ಸಾಲದೆ?

ಇಂಗ್ಲಿಷ್ ಕಾದಂಬರಿ ಓದುವ ನಮ್ಮ ಮಕ್ಕಳು ಸಿಂಹಾಸನ ಕೇಳುವವನ ಕಥೆಯನ್ನು ಟೋಲ್ಕಿನ್‌ನಲ್ಲಿ ಕಾಣುತ್ತಾರೆ. ಅವನ ಕಥೆಯ 1955ರ ಕೊನೆಯ ಸಂಪುಟದಲ್ಲಿ ಅರಗಾರ್ನ್ ಯುದ್ಧ ಗೆದ್ದ ಮೇಲೂ ಅರಸನೆಂದು ಹೇಳಿಕೊಂಡು ನಗರಕ್ಕೆ ನುಗ್ಗದೆ ಹೊರಗೆ ಡೇರೆ ಹಾಕುತ್ತಾನೆ. ಓದುವ ಮಕ್ಕಳಿಗೆ ಇದನ್ನೂ ಹೇಳಿ: ಧರ್ಮರಾಯ ಹಸ್ತಿನಾವತಿಗೆ ಕಾಲಿಡುವ ಮೊದಲು ಒಂದು ತಿಂಗಳು ಗಂಗೆಯ ದಡದಲ್ಲಿ ಸೂತಕ ಕಳೆದ.

ಅದಕ್ಕೂ ಮೊದಲು, ಕಣದಲ್ಲಿ ಹೆಂಗಸರು ಗಂಡಂದಿರ, ಮಕ್ಕಳ ಹೆಣ ಹುಡುಕುತ್ತಿರುವಾಗ, ಧೃತರಾಷ್ಟ್ರ ಅವನನ್ನು ಸತ್ತವರೆಷ್ಟು ಎಂದು ಕೇಳಿದ. ಧರ್ಮರಾಯ ಲೆಕ್ಕ ಒಪ್ಪಿಸಿದ: 166 ಕೋಟಿ 20 ಸಾವಿರ. ಅಕ್ಷೋಹಿಣಿಯ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಹದಿನೆಂಟೂ ಕೂಡಿದರೆ 39,36,600 ಮಾತ್ರ. ಆದರೆ ಅವನು ಅದರ ಜೊತೆಗೆ ಇನ್ನೊಂದು ಸಂಖ್ಯೆ ಕೊಟ್ಟ: ಏನಾದರೆಂದು ತಿಳಿಯದೆ ಹೋದವರು 24,165. ಆಮೇಲೆ ವಿದುರ, ಸಂಜಯ, ಧೌಮ್ಯ, ಯುಯುತ್ಸು ಇವರನ್ನು ಕರೆದು, ಎರಡೂ ಕಡೆಯಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಹೆಣಗಳನ್ನು ಒಂದೂ ಬಿಡದೆ ಸೌದೆ ತರಿಸಿ ಸುಡಿಸಿ ಎಂದು ಹೇಳಿದ. ಸಿಂಹಾಸನದಲ್ಲಿ ಕೂರುವ ಮೊದಲೇ ಅವನು ಕೊಟ್ಟ ಅಪ್ಪಣೆ ಅದು.